99% ಸ್ಪಿರಿಟ್ ಸಿಗ್ತಿರುವಾಗ 70% ಯಾಕೆ ತಗೋಬೇಕು?

ಓದುಗರ ಪ್ರಶ್ನೆ: ರಬ್ಬಿಂಗ್ ಆಲ್ಕೋಹಾಲ್ 70% ಅಂತಾನೂ ಸಿಗತ್ತೆ, 99% ಅಂತಾನೂ ಸಿಗತ್ತೆ. ಜಾಸ್ತಿ ಇರೋದೇ ಸ್ಟ್ರಾಂಗ್ ಅಲ್ವಾ? ಗಾಯಕ್ಕೆ, ಕ್ಲೀನಿಂಗಿಗೆ ಎಲ್ಲಾದಕ್ಕೂ ಅದನ್ನೇ ತಗೊಂಡ್ರೆ ಆಗಲ್ವಾ?

ಉತ್ತರ: ಬ್ಯಾಕ್ಟೀರಿಯಾ ವೈರಸ್ ಸಾಯಬೇಕು ಅಂದ್ರೆ 70% ದೇ ತಗೊಳ್ಳಿ. ರಬ್ಬಿಂಗ್ ಆಲ್ಕೋಹಾಲಲ್ಲಿ ಸಾಮಾನ್ಯವಾಗಿ ಇರೋದು ಐಸೊಪ್ರೊಪೈಲ್ ಆಲ್ಕೋಹಾಲ್, ಕೆಲವು ಬಾಟ್ಲಲ್ಲಿ ಎಥನಾಲ್ ಇರತ್ತೆ. ಇದು ರೋಗಾಣುಗಳ ಪ್ರೋಟೀನನ್ನ ಕೆಡಿಸಿ ಸಾಯಿಸತ್ತೆ, ಆದ್ರೆ ಪ್ರೋಟೀನ್ ಬೇಗ ಕೆಡಬೇಕಾದ್ರೆ ಜೊತೆಗೆ ನೀರು ಇರ್ಲೇಬೇಕು, ಅದೂ ಅಲ್ದೆ 99% ಹಾಕಿದ್ ತಕ್ಷಣ ಆರಿಹೋಗತ್ತೆ, ಕೆಲಸ ಮುಗಿಸೋಕೆ ಟೈಮೇ ಸಿಗಲ್ಲ. ಬಾಟ್ಲಲ್ಲಿರೋ ಆ 30% ನೀರನ್ನ ಕಲಬೆರಕೆ ಅಂದ್ಕೋಬೇಡಿ, ಅದು ಬೇಕಂತಲೇ ಹಾಕಿರೋದು. ಮನೇಲಿ ಈಗಾಗ್ಲೇ 99% ಇದ್ರೆ ಅದರ 70 ಎಂಎಲ್‌ಗೆ 30 ಎಂಎಲ್ ಡಿಸ್ಟಿಲ್ಡ್ ವಾಟರ್ ಸೇರಿಸಿ, ಹೆಚ್ಚುಕಮ್ಮಿ 70% ಆಗತ್ತೆ.

ಥರ್ಮಾಮೀಟರ್, ಬಾಗಿಲ ಹಿಡಿ, ಮೊಬೈಲ್ ಕವರ್ ಒರೆಸುವಾಗ ಮೊದಲು ಕೊಳೆ ತೆಗೀರಿ, ಆಮೇಲೆ ಸ್ಪಿರಿಟ್ ಹಚ್ಚಿ ಅರ್ಧದಿಂದ ಒಂದು ನಿಮಿಷ ಒದ್ದೆಯಾಗೇ ಬಿಡಿ. ಎಷ್ಟೋ ಜನ ಹಚ್ಚಿದ ಕೂಡ್ಲೇ ಬಟ್ಟೆ ತಗೊಂಡು ಒರೆಸಿಬಿಡ್ತಾರೆ, ಹಾಗೆ ಮಾಡಿದ್ರೆ ಪೂರ್ತಿ ಪ್ರಯೋಜನ ಸಿಗಲ್ಲ. ಇಂಜೆಕ್ಷನ್ ಚುಚ್ಚೋ ಜಾಗಾನೂ ಆರಕ್ಕೆ ಬಿಡ್ಬೇಕು, ಇಲ್ಲಾಂದ್ರೆ ಉರಿಯತ್ತೆ. ಒಂದು ನೆನಪಿರ್ಲಿ, ಕೆಲವು ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನ ಸ್ಪೋರ್ ರೂಪದಲ್ಲಿರ್ತವೆ, ಅವು ಎಷ್ಟು ಪರ್ಸೆಂಟ್ ಸ್ಪಿರಿಟ್ ಹಾಕಿದ್ರೂ ಸಾಯಲ್ಲ.

99% ಯಾವುದಕ್ಕೆ ಅಂದ್ರೆ ಎಲೆಕ್ಟ್ರಾನಿಕ್ಸ್‌ಗೆ. ನೀರಿನಂಶ ಕಮ್ಮಿ ಇರೋದ್ರಿಂದ ಸರ್ಕ್ಯೂಟ್ ಬೋರ್ಡ್, ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ ಎಲ್ಲಾ ಚೆನ್ನಾಗಿ ಕ್ಲೀನ್ ಆಗತ್ತೆ, ಕರೆಂಟ್ ಆಫ್ ಮಾಡಿ ಬ್ಯಾಟರಿ ತೆಗೆದೇ ಮಾಡಿ. ಸ್ಟಿಕ್ಕರ್ ಅಂಟು, ಮಾರ್ಕರ್ ಕಲೆಗೆ ಎರಡೂ ಓಕೆ. ಅಕ್ರಿಲಿಕ್ಕಿಗೆ, ಪಾಲಿಶ್ ಹಾಕಿದ ಮರಕ್ಕೆ ಬೇಡ, ಹಾಳಾಗತ್ತೆ.

ಗಾಯದ ವಿಷ್ಯ. ತೆರೆದ ಗಾಯಕ್ಕೆ 70% ಕೂಡ ಹಾಕ್ಬೇಡಿ. ಉರಿ ಬಂದ್ರೆ ಔಷಧಿ ಕೆಲಸ ಮಾಡ್ತಿದೆ ಅಂತ ನಾವೆಲ್ಲ ನಂಬ್ಕೊಂಡಿದೀವಿ, ಆದ್ರೆ ಅಲ್ಲಿ ಗಾಯ ವಾಸಿ ಮಾಡೋ ಜೀವಕೋಶಗಳಿಗೇ ಪೆಟ್ಟು ಬೀಳ್ತಿರತ್ತೆ. ಹರಿಯೋ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು, ಸುತ್ತಲಿನ ಚರ್ಮಕ್ಕೆ ಸೋಪ್ ಹಾಕಿ, ಶುದ್ಧ ಬಟ್ಟೆ ಕಟ್ಟಿದ್ರೆ ಸಣ್ಣ ಗಾಯಕ್ಕೆ ಸಾಕು.

ಇನ್ನೂ ದೊಡ್ಡ ಅಪಾಯ ಜ್ವರ ಬಂದ ಮಗುವಿನ ಮೈಗೆ ಸ್ಪಿರಿಟ್ ಹಚ್ಚೋದು. ಮೈ ತಣ್ಣಗಾದ ಹಾಗೆ ಕಾಣತ್ತೆ ನಿಜ, ಆದ್ರೆ ಅದು ಚರ್ಮದಿಂದಲೂ ಉಸಿರಿಂದಲೂ ಒಳಗೆ ಹೋಗಿ ಮಗುಗೆ ಪ್ರಜ್ಞೆ ತಪ್ಪಬಹುದು. ದಯವಿಟ್ಟು ಈ ಪದ್ಧತೀನ ಯಾರೇ ಹೇಳಿಕೊಟ್ರೂ ಬಿಟ್ಬಿಡಿ.

ಬೆಂಕಿ ವಿಷ್ಯಾನೂ ಹಗುರವಾಗಿ ತಗೋಬೇಡಿ. ಶುದ್ಧ ಐಸೊಪ್ರೊಪೈಲ್‌ನ ಆವಿ 12 ಡಿಗ್ರಿ ಸೆಲ್ಸಿಯಸ್ ಸುಮಾರಲ್ಲೇ ಕಿಡಿ ತಾಗಿದ್ರೆ ಹೊತ್ಕೊಳ್ಳತ್ತೆ, ಅಂದ್ರೆ ಸಾಮಾನ್ಯ ಕೋಣೆಯಲ್ಲಿ ಅದು ಯಾವಾಗ್ಲೂ ರೆಡಿ ಇದ್ದಂಗೆ, 70% ಆದ್ರೂ ಹೆಚ್ಚು ವ್ಯತ್ಯಾಸ ಇಲ್ಲ. ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ದೀಪಕ್ಕೋ ಒಲೆಗೋ ತಲುಪಬಹುದು. ಹಾಗಾಗಿ ಕಿಟಕಿ ತೆಗೆದಿಟ್ಟು ಬಳಸಿ, ಕೈಗೆ ಹಚ್ಕೊಂಡಿದ್ರೆ ಪೂರ್ತಿ ಆರೋವರೆಗೂ ಬೆಂಕಿಪೆಟ್ಟಿಗೆ ಮುಟ್ಟಬೇಡಿ. ಬ್ಲೀಚ್ ಜೊತೆ ಯಾವತ್ತೂ ಸೇರಿಸ್ಬೇಡಿ, ಕ್ಲೋರೊಫಾರ್ಮ್ ತರದ ವಿಷಗಳು ಹುಟ್ತವೆ.

ಕುಡಿಯೋ ನೀರಿನ ಬಾಟ್ಲಿಗೆ ಸುರಿದಿಡೋದು ಬೇಡವೇ ಬೇಡ, ಬಣ್ಣ ಇಲ್ದಿರೋದ್ರಿಂದ ನೀರು ಅಂತ್ಲೇ ಕುಡಿದುಬಿಡ್ತಾರೆ. ಲೇಬಲ್ ಇರೋ ಅದೇ ಬಾಟ್ಲಲ್ಲಿ ಮುಚ್ಚಳ ಬಿಗಿ ಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಕಸ್ಮಾತ್ ಯಾರಾದ್ರೂ ಕುಡಿದ್ರೆ ವಾಂತಿ ಮಾಡ್ಸೋಕೆ ಹೋಗ್ಬೇಡಿ, ಬಾಟ್ಲನ್ನೂ ಜೊತೆಗೆ ತಗೊಂಡು ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.