ವೃದ್ಧಾಶ್ರಮದ ರಾತ್ರಿ ಪಾಳಿ ಯಾರ ಲೆಕ್ಕಕ್ಕೂ ಸಿಗಲಿಲ್ಲ ಯಾಕೆ?

ದಾವಣಗೆರೆ, ದುರ್ಗದ ಕಡೆ ವೃದ್ಧಾಶ್ರಮ ಅಂದ್ರೆ ಇವತ್ತಿಗೂ ಬರ್ತ್‌ಡೇ ದಿನ ಹೋಗಿ ಊಟ ಹಾಕ್ಸೋದು, ಬ್ರೆಡ್ಡು ಹಣ್ಣು ಹಂಚೋದು, ಫೋಟೋ ತೆಗೆಸ್ಕೊಳ್ಳೋದು. ಹಾಸಿಗೆ ಹಿಡಿದಿರೋ ಅಜ್ಜಿನ ರಾತ್ರಿ ಎಷ್ಟು ಸಲ ಮಗ್ಗಲು ತಿರುಗಿಸ್ತೀರಿ ಅಂತ ಕೇಳೋರು ಕಮ್ಮಿ. ಧರ್ಮಕ್ಕೆ ನಡೆಸೋ ಜಾಗದಲ್ಲಿ ತಪ್ಪು ಹುಡುಕಬಾರದು ಅನ್ನೋ ಸಂಕೋಚ ನಮಗೆ, ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟೋ ಕಡೆನೂ ಅದೇ ಸಂಕೋಚ.

ಸರ್ಕಾರನೂ ಶುರು ಮಾಡಿದ್ದು ಇದೇ ದಾರಿಲಿ. 1992ರಲ್ಲಿ ಸಂಘ-ಸಂಸ್ಥೆಗಳಿಗೆ ಆಶ್ರಮ ನಡೆಸೋಕೆ ಅನುದಾನ ಕೊಡೋ ಕೇಂದ್ರದ ಸ್ಕೀಮ್ ಬಂತು, 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ ಬಂತು. ಇತ್ತ ದಾವಣಗೆರೆಲಿ ಕಾಟನ್ ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕ್ಕೊಂಡು ಮಕ್ಕಳು ಬೆಂಗಳೂರು ಸೇರ್ಕೊಂಡ್ರು, ಮನೇಲಿ ಉಳಿದಿದ್ದು ಬಿಪಿ ಶುಗರ್ ಮಾತ್ರೆ ಡಬ್ಬಿ ಜೊತೆ ಅಪ್ಪ ಅವ್ವ.

ಆಮೇಲೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ. ಇದರ ಗಮನ ಹೆಚ್ಚಾಗಿ ಮಕ್ಕಳ ಮೇಲೆ: ನೋಡ್ಕೊಳ್ಳದೆ ಇದ್ರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ, ತಿಂಗಳಿಗೆ 10,000 ರೂಪಾಯಿವರೆಗೂ ಜೀವನಾಂಶ ಕೇಳಬಹುದು. 19ನೇ ಸೆಕ್ಷನ್‌ನಲ್ಲಿ ಜಿಲ್ಲೆಗೊಂದಾದ್ರೂ 150 ಜನ ಬಡ ಹಿರಿಯರಿಗೆ ಆಗೋವಂಥ ಆಶ್ರಮದ ಮಾತು ಐತೆ, ಆದ್ರೆ ಕಡ್ಡಾಯ ಮಾಡ್ಲಿಲ್ಲ, ಅಲ್ಲಿನ ಸೇವೆ ಹೆಂಗಿರಬೇಕು ಅನ್ನೋದನ್ನೂ ರಾಜ್ಯಗಳಿಗೇ ಬಿಟ್ರು. ಪ್ರೈವೇಟ್ ಆಶ್ರಮ ರಿಜಿಸ್ಟರ್ ಆಗ್ಲೇಬೇಕು ಅನ್ನೋ ಮಾತು ಈ ಕಾಯ್ದೇಲಿ ಎಲ್ಲೂ ಇಲ್ಲ. ಅದೇ ಮಕ್ಕಳ ಆಶ್ರಮ ನಡೆಸೋಕೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಬೇಕೇ ಬೇಕು, ತಪ್ಪಿದ್ರೆ ಒಂದು ವರ್ಷದವರೆಗೂ ಜೈಲು ಆಗಬಹುದು. ಮಕ್ಕಳಿಗಿರೋ ಈ ಕಾವಲು ಎದ್ದು ಓಡಾಡೋಕಾಗದ ಮುದುಕರಿಗೆ ಯಾಕಿಲ್ಲ?

ಇದರ ಫಲ ನಾನು ಕಣ್ಣಾರೆ ನೋಡಿದೀನಿ. ನಮ್ಮ ಓಣಿಯ ಅಜ್ಜಿ ಒಬ್ರನ್ನ ದಾವಣಗೆರೆಯ ಒಂದು ಕಡೆ ಸೇರಿಸಿದ್ರು, ಕ್ಲೀನ್ ಬೆಡ್‌ಶೀಟು, ಫಿನಾಯಿಲ್ ವಾಸನೆ, ಗೋಡೇಲಿ ದೇವರ ಫೋಟೋ, ಎಲ್ಲ ಚೆನ್ನಾಗೇ ಕಾಣ್ತಿತ್ತು, ಮಗಳು ಸೀರೆ ಸರಿಮಾಡೋಕೆ ಹೋದಾಗ ಸೊಂಟದ ಕೆಳಗೆ ಅಂಗೈಯಷ್ಟು ಅಗಲ ಹುಣ್ಣು, ನಡುವೆ ಕಪ್ಪಾಗಿಬಿಟ್ಟಿತ್ತು. ಹಾಸಿಗೆ ಹುಣ್ಣು ತಡೆಯೋಕೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಾಯಿಸಬೇಕು, ಚರ್ಮ ಒಣಗಿರಬೇಕು, ಹೊಟ್ಟೆಗೆ ಬೇಳೆ ಮೊಟ್ಟೆ ಬೀಳಬೇಕು. "ರಾತ್ರಿ ನಾನೊಬ್ಬಳೇ ಅಣ್ಣಾ, ಎಷ್ಟು ಜನನ್ನ ಎತ್ತಲಿ" ಅಂದ್ಲು ಆಯಾ. ಅವಳ ಮೇಲೆ ನಂಗೆ ಸಿಟ್ಟು ಬರ್ಲಿಲ್ಲ. ಅಷ್ಟು ಜನಕ್ಕೆ ಒಬ್ಬಳನ್ನೇ ಇಟ್ಟವರ ಮೇಲೆ ಬಂತು, ಈಗಲೂ ಐತೆ.

ಜಿಲ್ಲೆಗೊಂದು ಆಶ್ರಮದ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಗಿ 2018ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಮರುವರ್ಷ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿದ್ದುಪಡಿ ಮಸೂದೆ ಬಂತು, ಅದ್ರಲ್ಲಿ ಬೇಕಾಗಿದ್ದೇ ಇತ್ತು: ವೃದ್ಧಾಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ. ಸ್ಥಾಯಿ ಸಮಿತಿಗೆ ಹೋಯ್ತು, ವರದಿನೂ ಬಂತು, ಪಾಸ್ ಮಾತ್ರ ಆಗ್ಲಿಲ್ಲ, 2024ರಲ್ಲಿ ಆ ಲೋಕಸಭೆ ಜೊತೆಗೇ ಬಿದ್ದೋಯ್ತು.

ಹಂಗಾಗಿ ಸದ್ಯಕ್ಕೆ ನೋಡೋ ಕಣ್ಣು ಮನೆಯವರದ್ದೇ. ಸೇರ್ಸೋಕೆ ಮುಂಚೆ ರಾತ್ರಿ ಪಾಳೀಲಿ ಎಷ್ಟು ಜನ ಇರ್ತಾರೆ, ಮಾತ್ರೆ ಕೊಟ್ಟಿದ್ದನ್ನ ಬರೆದಿಡ್ತಾರಾ, ಬಿದ್ರೆ ಯಾವ ಆಸ್ಪತ್ರೆಗೆ ಒಯ್ತಾರೆ, ಫೋನ್ ಯಾರಿಗೆ ಮಾಡ್ತಾರೆ ಅಂತ ಕೇಳ್ರಿ. ಸೇರ್ಸಿದ ಮೇಲೆ ಹೇಳದೆ ಕೇಳದೆ ಸಂಜೆ ಹೊತ್ತು ಹೋಗ್ರಿ, ಹೊದಿಕೆ ಸರಿಸಿ ಬೆನ್ನು, ಹಿಮ್ಮಡಿ ನೋಡ್ರಿ. ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಹಿರಿಯರ ಸಹಾಯವಾಣಿ 14567, ಕರೆ ಫ್ರೀ.