ಪದ ಪರಿಚಯ: ರೀಜನ್ ಲಾಕ್

ಹಳೆಯ ವಿಡಿಯೋ ಗೇಮ್ ಹುಚ್ಚು ಇರುವವರ ಬಾಯಲ್ಲಿ ಪದೇ ಪದೇ ಬರುವ ಮಾತು ಇದು. ಒಂದು ದೇಶಕ್ಕೆಂದು ಮಾಡಿದ ಗೇಮ್ ಇನ್ನೊಂದು ದೇಶದ ಕನ್ಸೋಲಿನಲ್ಲಿ (ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಪೆಟ್ಟಿಗೆ) ಓಡದ ಹಾಗೆ ಕಂಪನಿಯೇ ಹಾಕಿದ ತಡೆಗೆ ರೀಜನ್ ಲಾಕ್ ಅನ್ನುತ್ತಾರೆ.

ಲಾಕ್ ಅಂದ ಕೂಡಲೇ ಒಳಗೆ ಏನೋ ಗುಟ್ಟಿನ ಕೋಡ್ ಇರಬೇಕು ಅನ್ನಿಸುತ್ತದೆ, ಅಲ್ವಾ? ಸೂಪರ್ ನಿಂಟೆಂಡೊ ಎಂಬ ಕನ್ಸೋಲನ್ನೇ ನೋಡಿ. ಜಪಾನಿನಲ್ಲಿ 1990ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಹೆಸರಲ್ಲಿ ಬಂತು, ಮರುವರ್ಷ ಅಮೆರಿಕಕ್ಕೆ ಹೋಯಿತು. ಜಪಾನಿನ ಕಾರ್ಟ್ರಿಜ್ಜನ್ನು, ಅಂದರೆ ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು, ಅಮೆರಿಕದ ಕನ್ಸೋಲಿಗೆ ಹಾಕಿದರೆ ಪೂರ್ತಿ ಒಳಗೆ ಇಳಿಯುವುದೇ ಇಲ್ಲ. ಯಾಕೆ ಅಂತ ಟಾರ್ಚ್ ಬಿಟ್ಟು ಇಣುಕಿದರೆ, ಸ್ಲಾಟಿನ ಒಳಗೆ ಪ್ಲಾಸ್ಟಿಕ್ಕಿನ ಎರಡು ಪುಟ್ಟ ಗೂಟ! ಅಮೆರಿಕದ ಕಾರ್ಟ್ರಿಜ್ಜಿನ ಬೆನ್ನಿಗೆ ಆ ಗೂಟ ಕೂರುವಷ್ಟು ಜಾಗ ಕೊರೆದಿರುತ್ತಾರೆ, ಜಪಾನಿನದಕ್ಕೆ ಇಲ್ಲ. ಲಾಕ್ ಅಂದರೆ ಅಷ್ಟೇ. ಎರಡೂ ದೇಶದ್ದು ಟಿವಿ ಪದ್ಧತಿ ಒಂದೇ, ಕಾವಲಿನ ಚಿಪ್ ಕೂಡ ಒಂದೇ ಬಗೆಯದು. ಮೂತಿ ಚೂಪಾದ ಇಕ್ಕಳದಲ್ಲಿ ಗೂಟ ಮುರಿದು ತೆಗೆದರೆ ಗೇಮ್ ಶುರು. ಮೆನು ಮಾತ್ರ ಜಪಾನಿ ಭಾಷೆಯಲ್ಲೇ ಇರುತ್ತದೆ, ಅದಕ್ಕೆ ಇಕ್ಕಳ ಸಾಲದು.

ಯುರೋಪಿನ ಕನ್ಸೋಲಿನದು ಬೇರೆ ಕಥೆ. ಅಲ್ಲಿ ಜಪಾನಿನ ಕಾರ್ಟ್ರಿಜ್ ಸಲೀಸಾಗಿ ಕೂರುತ್ತದೆ, ಆದರೆ ಓಡುವುದಿಲ್ಲ. ಕನ್ಸೋಲಿನಲ್ಲೊಂದು, ಕಾರ್ಟ್ರಿಜ್ಜಿನಲ್ಲೊಂದು ಚಿಪ್ ಇರುತ್ತದೆ. ಕರೆಂಟ್ ಬಂದ ತಕ್ಷಣ ಎರಡೂ ಪರಸ್ಪರ ಗುರುತು ಕೇಳುತ್ತವೆ. ತಾಳೆ ಆಗದಿದ್ದರೆ ಕನ್ಸೋಲ್ ಮುಂದಕ್ಕೇ ಹೋಗುವುದಿಲ್ಲ. ಇದಕ್ಕೆ ಜನ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಒಂದು ಅಡಾಪ್ಟರ್‌ಗೆ ಹೊರದೇಶದ ಕಾರ್ಟ್ರಿಜ್ ಒಂದು, ಲೋಕಲ್ ಕಾರ್ಟ್ರಿಜ್ ಒಂದು, ಎರಡನ್ನೂ ಸಿಕ್ಕಿಸುತ್ತಾರೆ. ಚಿಪ್ ಕೇಳಿದ ಪ್ರಶ್ನೆಗೆ ಲೋಕಲ್ ಕಾರ್ಟ್ರಿಜ್ ಉತ್ತರ ಹೇಳುತ್ತದೆ, ಓಡುವುದು ಹೊರದೇಶದ ಗೇಮ್. ಕಾಲೇಜಿನಲ್ಲಿ ಗೆಳೆಯನ ಹೆಸರಿಗೆ "ಪ್ರೆಸೆಂಟ್ ಸಾರ್" ಅಂತ ಕೂಗುತ್ತಿದ್ದೆವಲ್ಲ, ಥೇಟ್ ಹಾಗೆ.

ಚಿಪ್ ದಾಟಿದರೂ ಟಿವಿಯ ತೊಡಕು ಉಳಿಯುತ್ತದೆ. ಜಪಾನ್, ಅಮೆರಿಕದ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತಿತ್ತು, ಯುರೋಪಿನದು 50 ಸಲ. ಹಾಗಾಗಿ 60ಕ್ಕೆಂದು ಬರೆದ ಗೇಮ್ ಅಲ್ಲಿ ಸುಮಾರು ಆರನೇ ಒಂದು ಪಾಲು ನಿಧಾನ. ಎಷ್ಟೋ ಸಲ ಹಾಡೂ ಎಳೆಯುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಕೆಲವು ಗೇಮ್‌ಗಳು ಈ ಲೆಕ್ಕವನ್ನೂ ಪರೀಕ್ಷಿಸಿ, ಇದು ನಿಮ್ಮ ಕನ್ಸೋಲಿಗೆ ಮಾಡಿದ್ದಲ್ಲ ಎಂದು ತೆರೆಯ ಮೇಲೇ ಬರೆದು ಕೂರುತ್ತವೆ. ಅದಕ್ಕೇ ಸೋಲ್ಡರಿಂಗ್ ಗೊತ್ತಿದ್ದವರು 50–60 ಬದಲಿಸುವ ಸ್ವಿಚ್ಚನ್ನೇ ಕೂರಿಸಿಕೊಂಡರು.

ಇಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್ ತರಿಸುವವರಿಗೆ ಒಂದು ಮಾತು. ಅದರ ಪವರ್ ಅಡಾಪ್ಟರ್ 100 ವೋಲ್ಟಿನದು. ನಮ್ಮ 230ರ ಸಾಕೆಟ್ಟಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮಕ್ಕಳಿಗೆ ಈ ಪದವೇ ಗೊತ್ತಿರಲಿಲ್ಲ. ನಾವು ಆಡಿದ ಅಗ್ಗದ ವಿಡಿಯೋ ಗೇಮ್‌ಗಳು ಬಹುಪಾಲು ಸೂಪರ್ ಫ್ಯಾಮಿಕಾಮ್‌ಗಿಂತ ಮುಂಚಿನ, ಜಪಾನಿನ ಹಳೆಯ ಫ್ಯಾಮಿಕಾಮ್‌ನ ನಕಲು. ಆ ಫ್ಯಾಮಿಕಾಮ್‌ನಲ್ಲಿ ಕಾವಲಿನ ಚಿಪ್ಪೇ ಇರಲಿಲ್ಲ. ಪಕ್ಕದ ಮನೆಯ ಕ್ಯಾಸೆಟ್ ತಂದು, ಉಫ್ ಅಂತ ಊದಿ ಹಾಕಿದರೆ ಸಾಕಿತ್ತು. ಅಂದ ಹಾಗೆ, ನಾವು ಕ್ಯಾಸೆಟ್ ಅನ್ನುತ್ತಿದ್ದೆವಲ್ಲ, ಜಪಾನಿನವರೂ ಅದನ್ನು ಹಾಗೇ ಕರೆಯುತ್ತಿದ್ದರು.