ಹಳೇ ಕಂಪ್ಯೂಟರಿಗೆ ನಾಲ್ಕು ಹಾರ್ಡ್ ಡಿಸ್ಕ್: ಜಂಪರ್, ಕೇಬಲ್ ಮತ್ತು 12 ವೋಲ್ಟಿನ ಲೆಕ್ಕ

ಕಲಬುರಗಿಯ ಗಂಜ್‌ನಲ್ಲಿರುವ ಒಂದು ಅಡತ್ ಅಂಗಡಿಯಿಂದ ಹೋದ ವಾರ ಹಳೇ ಡೆಸ್ಕ್‌ಟಾಪ್ ಒಂದು ನಮ್ಮ ರಿಪೇರಿ ಟೇಬಲ್ಲಿಗೆ ಬಂತು. ಜೊತೆಗೆ ಕೈಚೀಲದಲ್ಲಿ ಬಟ್ಟೆ ಸುತ್ತಿದ ಎರಡು ಹಳೇ ಹಾರ್ಡ್ ಡಿಸ್ಕ್. ಹಿಂದಿನ ವರ್ಷಗಳ ತೊಗರಿ ಖರೀದಿ, ರೈತರ ಬಾಕಿ, ಹಮಾಲಿ ಲೆಕ್ಕ ಎಲ್ಲ ಅದರಲ್ಲೇ ಇದೆ. ಎಲ್ಲವನ್ನೂ ಒಂದು ಹೊಸ ಡಿಸ್ಕಿಗೆ ತುಂಬಿಕೊಡಬೇಕು. ಕೆಲಸ ನನಗೆ ಬಿತ್ತು, ಎರಡು ದಿನ ಹಿಡಿಯಿತು. ಎಲ್ಲಿ ಸಿಕ್ಕಿಬಿದ್ದೆ ಅನ್ನುವುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹಾರ್ಡ್‌ವೇರ್ ಕಲಿಯುತ್ತಿರುವ ನಿಮಗೂ ಇದೇ ಜಾಗದಲ್ಲಿ ಕಾಲು ಎಡವಬಹುದು.

ಮುಂದೆ ಇದ್ದ ಸಾಮಾನು: ಪೆಂಟಿಯಂ 4 530 ಪ್ರೊಸೆಸರ್, ಇಂಟೆಲ್ 945 ಚಿಪ್‌ಸೆಟ್ ಬೋರ್ಡ್, ವಿಂಡೋಸ್ ಎಕ್ಸ್‌ಪಿ ಇರುವ 500 ಜಿಬಿ ಸಾಟಾ ಡಿಸ್ಕ್, ಚೀಲದಲ್ಲಿ ಬಂದ 40 ಜಿಬಿ ಮತ್ತು 80 ಜಿಬಿ ಐಡಿಇ ಡಿಸ್ಕುಗಳು, ಹೊಸದಾಗಿ ತಂದ 1 ಟಿಬಿ ಸಾಟಾ ಡಿಸ್ಕ್. ಐಡಿಇ, ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಎರಡು ಬಗೆ: ಐಡಿಇ ಹಳೆಯದು, ಸಾಟಾ ಆಮೇಲೆ ಬಂದದ್ದು. ಬೋರ್ಡ್ ಮೇಲೆ ಸಾಟಾ ಜಾಗ ನಾಲ್ಕು, ಐಡಿಇ ಜಾಗ ಒಂದೇ.

ಐಡಿಇ ಕೇಬಲ್ ಮತ್ತು ಜಂಪರ್

ಒಂದು ಐಡಿಇ ಕೇಬಲ್ಲಿಗೆ ಎರಡೇ ಸಾಧನ. ಮೊದಲನೆಯದನ್ನು ಮಾಸ್ಟರ್, ಎರಡನೆಯದನ್ನು ಸ್ಲೇವ್ ಅನ್ನುತ್ತಾರೆ. ಈ ಕಂಪ್ಯೂಟರಿನಲ್ಲಿ ಡಿವಿಡಿ ರೈಟರ್ ಕೂಡ ಐಡಿಇಯದ್ದೇ. ಹಾಗಾಗಿ ಎರಡೂ ಹಳೇ ಡಿಸ್ಕ್ ಹಾಕಬೇಕೆಂದರೆ ಡಿವಿಡಿ ಬಿಚ್ಚಲೇಬೇಕು. ಬಿಚ್ಚಿದೆ.

ಕೇಬಲ್ ಅಗಲ ಪಟ್ಟಿಯದು. ಪಿನ್ 40 ಇದ್ದರೂ ಒಳಗೆ ತಂತಿ 80 ಇರುವುದನ್ನೇ ಹಾಕಿ. ಹೆಚ್ಚಿನ 40 ತಂತಿ ಬರೀ ಗ್ರೌಂಡ್. ಪಕ್ಕದ ತಂತಿಯ ಸಿಗ್ನಲ್ ಇದಕ್ಕೆ ಬೆರೆಯದಂತೆ ನಡುವೆ ಗೋಡೆಯಾಗಿ ನಿಲ್ಲುತ್ತವೆ. 80 ತಂತಿಯ ಕೇಬಲ್ಲಿನಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್ ಡಿಸ್ಕಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್ ಡಿಸ್ಕಿಗೆ. ಅಂಚಿನ ಕೆಂಪು ಗೆರೆ ಒಂದನೇ ಪಿನ್ ಕಡೆ. ಸಾಮಾನ್ಯವಾಗಿ ಡಿಸ್ಕಿನಲ್ಲಿ ಅದು ಪವರ್ ಪಿನ್ನುಗಳ ಪಕ್ಕಕ್ಕೇ ಬರುತ್ತದೆ.

ಜಂಪರ್ ಅಂದರೆ ಎರಡು ಪಿನ್ ಸೇರಿಸುವ ಸಣ್ಣ ಟೋಪಿ. ಯಾವ ಜಾಗದಲ್ಲಿ ಕೂರಬೇಕು ಅನ್ನುವ ಚಿತ್ರ ಡಿಸ್ಕಿನ ಚೀಟಿ ಮೇಲೆಯೇ ಇರುತ್ತದೆ, ಒಂದೊಂದು ಕಂಪನಿಯದು ಒಂದೊಂದು ಥರ. ಎರಡನ್ನೂ ಕೇಬಲ್ ಸೆಲೆಕ್ಟ್‌ಗೆ ಇಟ್ಟರೆ ಕೇಬಲ್ಲೇ ಯಾರು ಮಾಸ್ಟರ್ ಎಂದು ಹೇಳುತ್ತದೆ. ಬೂದು ಕನೆಕ್ಟರಿನಲ್ಲಿ 28ನೇ ಪಿನ್ನಿನ ಸಂಪರ್ಕ ಇರುವುದಿಲ್ಲ, ಆ ಗುರುತಿನಿಂದ ಡಿಸ್ಕ್ ತಾನು ಸ್ಲೇವ್ ಎಂದು ತಿಳಿಯುತ್ತದೆ. ನನ್ನ ಅಭಿಪ್ರಾಯ: ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಕೈಯಾರೆ ಇಡುವುದೇ ಒಳ್ಳೆಯದು. ಹಳೇ ಕೇಬಲ್ ಯಾವುದೋ ಏನೋ, ಅದರ ಮೇಲೆ ಭಾರ ಹಾಕಬಾರದು. ಒಂದು ಕೇಬಲ್ಲಿಗೆ ಎರಡೂ ಮಾಸ್ಟರ್ ಅಥವಾ ಎರಡೂ ಸ್ಲೇವ್ ಆದರೆ ಒಂದು ಕಾಣದೇ ಹೋಗುತ್ತದೆ, ಕೆಲವೊಮ್ಮೆ ಎರಡೂ ಕಾಣುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಒಂದು ಗಂಟೆ ತಿಂದದ್ದು. ವೆಸ್ಟರ್ನ್ ಡಿಜಿಟಲ್‌ನ ಐಡಿಇ ಡಿಸ್ಕುಗಳಲ್ಲಿ 'ಮಾಸ್ಟರ್' ಬೇರೆ, 'ಸಿಂಗಲ್' ಬೇರೆ. ಮಾಸ್ಟರ್ ಅಂದರೆ ಜೊತೆಗೆ ಸ್ಲೇವ್ ಇದೆ ಎಂಬ ಅರ್ಥ. ಕೇಬಲ್ಲಿನಲ್ಲಿ ಅದೊಂದೇ ಇದ್ದರೆ ಜಂಪರ್ ತೆಗೆಯಬೇಕು. ನಾನು ಪರೀಕ್ಷೆಗೆಂದು ಒಂದೇ ಡಿಸ್ಕ್ ಹಾಕಿ ಜಂಪರನ್ನು ಮಾಸ್ಟರಿನಲ್ಲೇ ಬಿಟ್ಟಿದ್ದೆ. ಬಯೋಸ್ (ಸ್ವಿಚ್ ಒತ್ತಿದ ತಕ್ಷಣ ಡಿಸ್ಕುಗಳನ್ನು ಗುರುತಿಸುವ, ಬೋರ್ಡಿನೊಳಗಿನ ಪ್ರೋಗ್ರಾಂ) ಅದನ್ನು ಹುಡುಕುತ್ತಾ ನಿಂತುಬಿಟ್ಟಿತು. ಚೀಟಿ ಓದಿದ್ದರೆ ಆ ಒಂದು ಗಂಟೆ ಉಳಿಯುತ್ತಿತ್ತು.

ಸಾಟಾ

ಇಲ್ಲಿ ಹೇಳುವುದು ಕಡಿಮೆ. ಒಂದು ಕೇಬಲ್, ಒಂದು ಡಿಸ್ಕ್, ಮಾಸ್ಟರ್-ಸ್ಲೇವ್ ಜಂಪರಿನ ಗೊಡವೆ ಇಲ್ಲ. ಡೇಟಾ 7 ಪಿನ್, ಪವರ್ 15 ಪಿನ್. ಹೊಸ ಡಿಸ್ಕ್ ಹಳೇ ಬೋರ್ಡಿನಲ್ಲಿ ಬೋರ್ಡಿನ ವೇಗಕ್ಕೆ ಇಳಿದು ನಡೆಯುತ್ತದೆ. ವಿಯಾ ಕಂಪನಿಯ ವಿಟಿ8237 ಚಿಪ್ ಇರುವ ಹಳೇ ಬೋರ್ಡುಗಳು ಮಾತ್ರ ಇದಕ್ಕೆ ಹೊರತು. ಅವು ಸೆಕೆಂಡಿಗೆ 3 ಗಿಗಾಬಿಟ್ ವೇಗದ ಡಿಸ್ಕಿನ ಜೊತೆ ವೇಗ ಹೊಂದಿಸಿಕೊಳ್ಳುವುದಿಲ್ಲ, ಡಿಸ್ಕ್ ಕಾಣುವುದೇ ಇಲ್ಲ. ಅಲ್ಲಿ ಡಿಸ್ಕಿನ ಹಿಂದಿರುವ ಜಂಪರಿನಿಂದ ವೇಗವನ್ನು 1.5 ಗಿಗಾಬಿಟ್ಟಿಗೆ ಇಳಿಸಬೇಕು.

12 ವೋಲ್ಟಿನ ಲೆಕ್ಕ

ಈ ಭಾಗಕ್ಕಾಗಿಯೇ ಇಷ್ಟೆಲ್ಲಾ ಬರೆಯುತ್ತಿರುವುದು.

ಎರಡು ಡಿಸ್ಕ್ ಹಾಕಿದೆ, ಚೆನ್ನಾಗಿ ನಡೆಯಿತು. ಮೂರು ಹಾಕಿದೆ, ನಡೆಯಿತು. ನಾಲ್ಕನೆಯದಾಗಿ 80 ಜಿಬಿ ಸೇರಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಡಿಸ್ಕುಗಳು ಸುಯ್ ಎಂದು ಏಳತೊಡಗಿದವು, ಅಷ್ಟರಲ್ಲಿ 'ಟಕ್... ಟಕ್... ಟಕ್'. ಬಯೋಸಿನಲ್ಲಿ ಮೂರೇ ಹೆಸರು. ಇನ್ನೊಮ್ಮೆ ಒತ್ತಿದರೆ ಕಂಪ್ಯೂಟರ್ ಅರ್ಧಕ್ಕೇ ತಾನಾಗಿ ರೀಸ್ಟಾರ್ಟ್ ಆಯಿತು. ಕೇಬಲ್ ಬದಲಿಸಿದೆ, ಜಂಪರ್ ತಿರುಗಿಸಿದೆ, ಬಯೋಸನ್ನು ಡಿಫಾಲ್ಟಿಗೆ ತಂದೆ. ಮಧ್ಯಾಹ್ನದ ಹೊತ್ತಿಗೆ ಆ ಡಿಸ್ಕಿನ ಹೆಡ್ (ತಟ್ಟೆಯ ಮೇಲಿನ ಮಾಹಿತಿ ಓದುವ ತಲೆ) ಹೋಗಿದೆ ಎಂದೇ ತೀರ್ಮಾನಿಸಿ, ಸಾವಕಾರರಿಗೆ ಫೋನ್ ಮಾಡಿ ಹೇಳಲು ಮೊಬೈಲ್ ಕೈಗೆ ತಗೊಂಡಿದ್ದೆ.

ನಮ್ಮ ಉಸ್ತಾದ್ ಕೈ ಹಿಡಿದರು. "ತಡಿ ತಮ್ಮಾ. ಡಿಸ್ಕ್ ಸತ್ತಿಲ್ಲ, ಅದರ ಹೊಟ್ಟಿಗಿ ಸಾಲವಲ್ದು. ಎಸ್‌ಎಂಪಿಎಸ್ ಮ್ಯಾಲ ಏನ್ ಬರ್ದಾರ ಓದು." ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿನ ಎಲ್ಲ ಭಾಗಕ್ಕೂ ಪವರ್ ಹಂಚುವ ಡಬ್ಬಿ.

"450 ವ್ಯಾಟ್ ಅದ ರೀ. ಬೇಕಾದಷ್ಟು ಅದಲ್ರೀ."

"ದೊಡ್ಡ ಅಕ್ಷರ ಬಿಡು. ಕೆಳಗ ಸಣ್ಣ ಅಕ್ಷರದಾಗ ಹಳದಿ ತಂತಿಗಿ ಎಷ್ಟು ಕೊಟ್ಟಾರ ನೋಡು."

ನಾನು ಹಾಕಿಕೊಂಡಿದ್ದ ಲೆಕ್ಕ ಹೀಗಿತ್ತು. ಡಿಸ್ಕಿನ ಚೀಟಿ ಮೇಲೆ 5 ವೋಲ್ಟಿಗೆ 0.65 ಆಂಪಿಯರ್, 12 ವೋಲ್ಟಿಗೆ 0.5 ಆಂಪಿಯರ್. ಗುಣಿಸಿದರೆ 3.25 ಮತ್ತು 6, ಒಟ್ಟು 9.25 ವ್ಯಾಟ್. ನಾಲ್ಕು ಡಿಸ್ಕಿಗೆ 37. ಪ್ರೊಸೆಸರಿಗೆ ಇಂಟೆಲ್ ಹೇಳುವುದು 84. ಉಳಿದದ್ದೆಲ್ಲ ಸೇರಿಸಿದರೂ 200 ದಾಟುವುದಿಲ್ಲ. ಹಾಗಾದರೆ 450 ಹೇಗೆ ಸಾಲದು? ಈ ಲೆಕ್ಕದಲ್ಲಿ ಎರಡು ತಪ್ಪಿದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲನೇ ತಪ್ಪು: 450 ಅನ್ನುವುದು ಒಂದೇ ಕಣಜವಲ್ಲ. ಎಸ್‌ಎಂಪಿಎಸ್ ಮೂರು ಮುಖ್ಯ ವೋಲ್ಟೇಜ್ ಬೇರೆ ಬೇರೆಯಾಗಿ ಕೊಡುತ್ತದೆ. ಹಳದಿ ತಂತಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಮನೆಯಲ್ಲಿ ಜೋಳ, ಗೋಧಿ, ತೊಗರಿ ಸೇರಿ ನಾಲ್ಕು ಚೀಲ ಇದ್ದರೆ ನಾಲ್ಕು ಚೀಲದ ರೊಟ್ಟಿ ಬಡಿಯಲು ಆಗುವುದಿಲ್ಲ. ರೊಟ್ಟಿಗೆ ಜೋಳದ ಚೀಲ ಎಷ್ಟಿದೆಯೋ ಅಷ್ಟೇ. ನಮ್ಮ ಎಸ್‌ಎಂಪಿಎಸ್ ಮೇಲೆ ಇದ್ದದ್ದು: 12 ವೋಲ್ಟ್ 14 ಆಂಪಿಯರ್, ಅಂದರೆ 168 ವ್ಯಾಟ್, 5 ವೋಲ್ಟ್ 30 ಆಂಪಿಯರ್, 150 ವ್ಯಾಟ್, 3.3 ವೋಲ್ಟ್ 20 ಆಂಪಿಯರ್, 66 ವ್ಯಾಟ್. ಮೂರನ್ನೂ ಕೂಡಿಸಿದರೂ 384. ಆದರೆ ಪೆಂಟಿಯಂ 4 ತಿನ್ನುವುದು 12 ವೋಲ್ಟನ್ನು. ಬೋರ್ಡಿನ ಮೂಲೆಯ ಆ ನಾಲ್ಕು ಪಿನ್ನಿನ ಕನೆಕ್ಟರ್ ಇರುವುದೇ ಅದಕ್ಕೆ. ಡಿಸ್ಕಿನ ಮೋಟಾರ್ ತಿನ್ನುವುದೂ 12 ವೋಲ್ಟನ್ನೇ. ಕೆಂಪು ತಂತಿಯಲ್ಲಿ ಉಳಿದಿರುವ ಶಕ್ತಿ ಇವರಿಬ್ಬರ ಉಪಯೋಗಕ್ಕೆ ಬರುವುದಿಲ್ಲ.

ಎರಡನೇ ತಪ್ಪು, ನನಗೆ ತಲೆಗೆ ಹತ್ತಲು ಹೆಚ್ಚು ಹೊತ್ತು ಹಿಡಿದದ್ದು: ಚೀಟಿ ಮೇಲಿನ 0.5 ಆಂಪಿಯರ್ ಡಿಸ್ಕ್ ತಿರುಗುತ್ತಾ ಇರುವಾಗಿನದು, ಏಳುವಾಗಿನದಲ್ಲ. ಗಂಜ್‌ನಲ್ಲಿ ಹಮಾಲರು ಚೀಲ ಹೇರಿದ ತಳ್ಳುಗಾಡಿ ನೂಕುವುದನ್ನು ನೋಡಿ. ನಿಂತ ಗಾಡಿಯನ್ನು ಎಬ್ಬಿಸಲು ಇಬ್ಬರು ಹೆಗಲು ಕೊಡುತ್ತಾರೆ. ಚಕ್ರ ಉರುಳತೊಡಗಿದ ಮೇಲೆ ಒಬ್ಬನೇ ನಡೆಸಿಕೊಂಡು ಹೋಗುತ್ತಾನೆ. ಡಿಸ್ಕಿನ ತಟ್ಟೆ ನಿಂತಲ್ಲಿಂದ ನಿಮಿಷಕ್ಕೆ 7200 ಸುತ್ತಿಗೆ ಏರಬೇಕು. ಮೋಟಾರ್ ತಿರುಗುತ್ತಿರುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದು ಕರೆಂಟನ್ನು ತಡೆಯುತ್ತದೆ. ನಿಂತ ಮೋಟಾರಿನಲ್ಲಿ ಆ ತಡೆ ಇಲ್ಲ. ಹಾಗಾಗಿ ಮೊದಲ ಐದು ಹತ್ತು ಸೆಕೆಂಡು 3.5 ಇಂಚಿನ ಒಂದು ಡಿಸ್ಕ್ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಕೆಲವು ಇನ್ನೂ ಹೆಚ್ಚು. ಚೀಟಿಯ ನಾಲ್ಕು ಪಟ್ಟು.

ಈಗ ಲೆಕ್ಕ ಮತ್ತೆ ಹಾಕೋಣ, ವ್ಯಾಟ್ ಬಿಟ್ಟು ಬರೀ 12 ವೋಲ್ಟಿನ ಆಂಪಿಯರಿನಲ್ಲಿ. ನಾಲ್ಕು ಡಿಸ್ಕ್ ಒಟ್ಟಿಗೆ ಏಳುವಾಗ 8. ಪ್ರೊಸೆಸರ್ 84 ಭಾಗಿಸು 12, ಅಂದರೆ 7. ಬೋರ್ಡಿನಲ್ಲಿ ವೋಲ್ಟೇಜ್ ಇಳಿಸುವಾಗ ಆಗುವ ನಷ್ಟ ಸೇರಿದರೆ ಪೂರ್ತಿ ಕೆಲಸದಲ್ಲಿ 8 ದಾಟುತ್ತದೆ. ಶುರುವಿನಲ್ಲಿ ಪೂರ್ತಿ ಕೆಲಸ ಇಲ್ಲ, 5 ಎಂದೇ ಹಿಡಿಯೋಣ. ಫ್ಯಾನುಗಳಿಗೆ ಅರ್ಧ. ಒಟ್ಟು 13.5. ಇರುವುದು 14. ಹೊಸತಾಗಿದ್ದರೆ ಹೇಗೋ ಎಳೆದುಕೊಂಡು ಹೋಗುತ್ತಿತ್ತೇನೋ. ಇದು ವರ್ಷಗಟ್ಟಲೆ ನಮ್ಮ ಬೇಸಿಗೆ ಉಂಡ ಎಸ್‌ಎಂಪಿಎಸ್. ಆಮೇಲೆ ಬಿಚ್ಚಿ ನೋಡಿದಾಗ ಎರಡು ಕೆಪಾಸಿಟರಿನ ತಲೆ ಉಬ್ಬಿತ್ತು.

ಕಣ್ಣಾರೆ ನೋಡದೆ ನಂಬಿಕೆ ಬರಲಿಲ್ಲ. ಉಸ್ತಾದ್ ಮಲ್ಟಿಮೀಟರ್ ಕೊಟ್ಟರು. ಖಾಲಿ ಇದ್ದ ಮೋಲೆಕ್ಸ್ ಕನೆಕ್ಟರಿನ (ಐಡಿಇ ಡಿಸ್ಕಿಗೆ ಪವರ್ ಕೊಡುವ ನಾಲ್ಕು ಪಿನ್ನಿನದು) ಕಪ್ಪು ತಂತಿಗೆ ಕಪ್ಪು ಮುಳ್ಳು, ಹಳದಿಗೆ ಕೆಂಪು ಮುಳ್ಳು. ಎರಡು ಮುಳ್ಳು ಒಂದಕ್ಕೊಂದು ತಾಗದಂತೆ ಹಿಡಿದು ಸ್ವಿಚ್ ಒತ್ತಿದೆ. ಮೂರು ಡಿಸ್ಕಿದ್ದಾಗ 11.5ಕ್ಕೆ ಇಳಿದು, ಏಳು ಸೆಕೆಂಡಿನ ಮೇಲೆ 11.9ಕ್ಕೆ ನಿಂತಿತು. ನಾಲ್ಕನೆಯದನ್ನು ಸೇರಿಸಿ ಒತ್ತಿದೆ: 11.3, 11.0, 10.8, 'ಟಕ್'. 12 ವೋಲ್ಟ್ ಮೇಲೆ ಕೆಳಗೆ ನೂರಕ್ಕೆ 5ರಷ್ಟು ಮಾತ್ರ ಆಡಬಹುದು, ಅಂದರೆ 11.4ರಿಂದ 12.6. ಅದಕ್ಕಿಂತ ತೀರಾ ಕೆಳಗಿಳಿದಾಗ ಡಿಸ್ಕ್ ತಲೆ ಒಳಗೆಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಆ ಸದ್ದನ್ನೇ ನಾನು ಹೆಡ್ ಹೋದ ಸದ್ದು ಎಂದುಕೊಂಡಿದ್ದು. ಇನ್ನು ಮುಂದೆ ಟಕ್ ಟಕ್ ಕೇಳಿದರೆ ನಾನು ಮೊದಲು ಮಾಡುವ ಕೆಲಸ ಇದೇ: ಆ ಡಿಸ್ಕನ್ನು ಒಂದೇ ಹಾಕಿ ಕಿವಿ ಕೊಡುವುದು. ಒಂಟಿಯಾಗಿ ಸುಮ್ಮನೆ ಎದ್ದರೆ ಮೊದಲು ಅನುಮಾನಿಸಬೇಕಾದದ್ದು ಪವರನ್ನು.

ಕವಲು ಕೇಬಲ್

ಎಸ್‌ಎಂಪಿಎಸ್‌ನಿಂದ ಡಿಸ್ಕುಗಳಿಗೆ ಸಾಮಾನ್ಯವಾಗಿ ಎರಡು ಸಾಲು ತಂತಿ ಬರುತ್ತವೆ. ನಾಲ್ಕೂ ಡಿಸ್ಕನ್ನು ಒಂದೇ ಸಾಲಿಗೆ ನೇತು ಹಾಕದೆ ಎರಡೆರಡಾಗಿ ಹಂಚಿ. ಸಾಟಾ ಪವರ್ ಕನೆಕ್ಟರಿನಲ್ಲಿ ಒಂದು ವೋಲ್ಟೇಜಿಗೆ ಮೂರು ಪಿನ್, ಪಿನ್ನಿಗೆ 1.5 ಆಂಪಿಯರ್, ಒಟ್ಟು 4.5. ಅದರಿಂದ ಕವಲು ತೆಗೆದರೆ ಎರಡು ಡಿಸ್ಕ್ ಏಳುವಷ್ಟು ಮಾತ್ರ. ಮೋಲೆಕ್ಸ್ ಪಿನ್ ದಪ್ಪ, ಹೆಚ್ಚು ತಾಳುತ್ತದೆ, ಕವಲು ಬೇಕಾದರೆ ಅಲ್ಲಿಂದ ತೆಗೆಯಿರಿ.

ಮೋಲೆಕ್ಸ್‌ನಿಂದ ಸಾಟಾಕ್ಕೆ ಕನ್ವರ್ಟರ್ ತರುವಾಗ ಸಾಟಾ ತುದಿಯನ್ನು ನೋಡಿ ತನ್ನಿ. ತಂತಿಯ ಮೇಲೆ ಪ್ಲಾಸ್ಟಿಕ್ ಕರಗಿಸಿ ಸುರಿದು ಒಂದೇ ಗಟ್ಟಿಯಾಗಿ ಮಾಡಿದ ತುದಿ ಬೇಡ. ಅದರೊಳಗೆ ತಂತಿಗಳು ಒಂದಕ್ಕೊಂದು ಹತ್ತಿರ ಸರಿದು ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ಹಿಂದೆ ಮುಚ್ಚಳ ಇದ್ದು, ಒಂದೊಂದು ತಂತಿಯೂ ತನ್ನ ತನ್ನ ಪಿನ್ನಿಗೆ ಒತ್ತಿ ಕೂತಿರುವುದು ಕಾಣುವಂಥದ್ದು ವಾಸಿ.

ಹೇಗೆ ಮುಗಿಯಿತು

ನಾಲ್ಕನ್ನೂ ಒಟ್ಟಿಗೆ ಏಳಿಸುವ ಹಟ ಬಿಟ್ಟೆವು. ಎಕ್ಸ್‌ಪಿಯ 500 ಜಿಬಿ, ಹೊಸ 1 ಟಿಬಿ, ಜೊತೆಗೆ ಹಳೆಯದರಲ್ಲಿ ಒಂದು. ಅದರ ನಕಲು ಮುಗಿದ ಮೇಲೆ ಪ್ಲಗ್ ಕಿತ್ತು ಇನ್ನೊಂದು. ಕಂಪ್ಯೂಟರ್ ಚಾಲೂ ಇರುವಾಗ ಐಡಿಇ ಡಿಸ್ಕನ್ನು ಹಾಕುವುದು, ತೆಗೆಯುವುದು ಯಾವತ್ತೂ ಮಾಡಬಾರದು.

ಬಯೋಸಿನಲ್ಲಿ ಒಂದು ಎಚ್ಚರಿಕೆ. ಹೊಸ ಡಿಸ್ಕ್ ಸೇರಿದಾಗ ಬೂಟ್ ಕ್ರಮ ತಾನಾಗಿ ಬದಲಾಗಬಹುದು. 40 ಜಿಬಿ ಹಾಕಿದ ಮೊದಲ ಸಲ ಅದರೊಳಗಿನ ಹಳೇ ವಿಂಡೋಸ್ ಏಳಲು ಹೊರಟಿತ್ತು. ಹಾಗೆ ಎದ್ದರೆ ನಾವು ಉಳಿಸಬೇಕಾದ ಡಿಸ್ಕಿನ ಮೇಲೆಯೇ ಅದು ಬರೆಯತೊಡಗುತ್ತದೆ. ತಕ್ಷಣ ನಿಲ್ಲಿಸಿ, ಹಾರ್ಡ್ ಡಿಸ್ಕ್ ಪಟ್ಟಿಯಲ್ಲಿ 500 ಜಿಬಿಯನ್ನು ಮೇಲೆ ತಂದೆ. ಸಾಟಾ ಮೋಡ್, ಅಂದರೆ ಬೋರ್ಡ್ ಸಾಟಾ ಡಿಸ್ಕಿನ ಜೊತೆ ಮಾತಾಡುವ ರೀತಿ, ಮುಟ್ಟಲಿಲ್ಲ. ಎಕ್ಸ್‌ಪಿ ಇರುವ ಯಂತ್ರದಲ್ಲಿ ಐಡಿಇ ಮೋಡನ್ನು (ಹಳೇ ರೀತಿ) ಸುಮ್ಮನೆ ಹೊಸ ರೀತಿಯ ಎಎಚ್‌ಸಿಐ ಮಾಡಿದರೆ ಡ್ರೈವರ್ ಇಲ್ಲದೆ ನೀಲಿ ಪರದೆ ಬರುತ್ತದೆ. ಹೊಸ ಡಿಸ್ಕ್ 1 ಟಿಬಿಯದ್ದೇ ತಂದದ್ದಕ್ಕೂ ಕಾರಣವಿದೆ: ಡಿಸ್ಕಿನ ಭಾಗಗಳ ಪಟ್ಟಿ ಇಡುವ ಹಳೇ ಎಂಬಿಆರ್ ಪದ್ಧತಿಯಲ್ಲಿ 2 ಟಿಬಿ ದಾಟಿದ ಜಾಗ ಎಕ್ಸ್‌ಪಿಗೆ ಸಿಗುವುದಿಲ್ಲ.

ಡಿಸ್ಕುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸದೆ ನಡುವೆ ಒಂದು ಖಾನೆ ಖಾಲಿ ಬಿಟ್ಟೆ. ಹೊರಗೇ 42 ಡಿಗ್ರಿ ಇರುವ ಊರಿನಲ್ಲಿ ಆ ಬೆರಳಗಲ ಗಾಳಿ ಬೇಕು.

ಸಂಜೆ ಆರಕ್ಕೆ 80 ಜಿಬಿಯ ಕೊನೆಯ ಫೋಲ್ಡರ್ ಬಂತು. ಒಮ್ಮೆಯೂ ಟಕ್ ಎನ್ನಲಿಲ್ಲ. ಸಾವಕಾರರು ಪರದೆಯ ಮುಂದೆ ಬಗ್ಗಿ ಒಂದು ಹಳೇ ಖಾತೆ ತೆಗೆಸಿ, ರೈತನೊಬ್ಬನ ಹೆಸರಿನ ಮುಂದಿದ್ದ ಚೀಲದ ಲೆಕ್ಕವನ್ನು ಬೆರಳಿಟ್ಟು ಓದಿದರು. ಹಳೇ ಎರಡೂ ಡಿಸ್ಕನ್ನು ಅವೇ ಬಟ್ಟೆಯಲ್ಲಿ ಸುತ್ತಿ ಕೊಡುವ ಮೊದಲು ಮೇಲೊಂದು ಟೇಪ್ ಹಚ್ಚಿ, ಜಂಪರ್ ಯಾವ ಜಾಗದಲ್ಲಿದೆ ಎಂದು ಮಾರ್ಕರಿನಲ್ಲಿ ಬರೆದೆ.